ನಿಯಮ ಮಾಡುವ ಸರ್ಕಾರ, ಅಪ್ಪಣೆ ಕೊಡುವ ಸರ್ಕಾರ

1938ರಿಂದ 1978ರವರೆಗೆ ಅಮೆರಿಕದಲ್ಲಿ ಒಂದು ವಿಮಾನ ಕಂಪನಿ ಟಿಕೆಟ್ ದರ ಇಳಿಸಬೇಕೆಂದರೆ ಸರ್ಕಾರದ ಒಂದು ಮಂಡಳಿಯ ಒಪ್ಪಿಗೆ ಬೇಕಿತ್ತು. ಏರಿಸುವುದಕ್ಕಷ್ಟೇ ಅಲ್ಲ, ಇಳಿಸುವುದಕ್ಕೂ. ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಅಂತ ಅದರ ಹೆಸರು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಯಾವ ಮಾರ್ಗದಲ್ಲಿ ಯಾರು ಹಾರಬೇಕು, ಎಷ್ಟು ದುಡ್ಡು ತಗೋಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತಿತ್ತು. ಹೊಸಬರು ಅರ್ಜಿ ಹಾಕಿದರೆ ಹಳಬರು ಬಂದು ತಕರಾರು ಹೇಳುತ್ತಿದ್ದರು. ಕೊನೆಗೆ ಆ ನಲವತ್ತು ವರ್ಷಗಳಲ್ಲಿ ದೇಶದ ಮುಖ್ಯ ಮಾರ್ಗಗಳ ದೊಡ್ಡ ಕಂಪನಿಗಳ ಸಾಲಿಗೆ ಒಂದೇ ಒಂದು ಹೊಸ ಹೆಸರೂ ಸೇರಲಿಲ್ಲ.

ಇದು ತಪ್ಪು ಅಂತ ಗೊತ್ತಾಗಿದ್ದು ಹೇಗೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಮಂಡಳಿಯ ಅಧಿಕಾರ ಒಂದೇ ರಾಜ್ಯದೊಳಗಿನ ಹಾರಾಟಕ್ಕೆ ತಾಗುತ್ತಿರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದೊಳಗೆ, ಟೆಕ್ಸಾಸ್‌ನೊಳಗೆ ಹಾರುವ ಕಂಪನಿಗಳು ಮಂಡಳಿಯನ್ನು ಕೇಳದೆ ದರ ಇಡುತ್ತಿದ್ದವು. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ದರ, ಪೂರ್ವ ಕರಾವಳಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರದ ಮಾರ್ಗದ ದರದ ಅರ್ಧದಷ್ಟಿತ್ತು. ಅದೇ ದೇಶ, ಅಂಥವೇ ವಿಮಾನಗಳು. 1975ರಲ್ಲಿ ಸೆನೆಟರ್ ಟೆಡ್ ಕೆನಡಿ ನಡೆಸಿದ ವಿಚಾರಣೆಯಲ್ಲಿ ಈ ವ್ಯತ್ಯಾಸ ಎಲ್ಲರ ಕಣ್ಣಿಗೆ ಬಿತ್ತು. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್ 1977ರಲ್ಲಿ ಅದೇ ಮಂಡಳಿಯ ಅಧ್ಯಕ್ಷರಾಗಿ ಬಂದು, ಒಳಗಿನಿಂದಲೇ ಅದರ ಕಟ್ಟುಗಳನ್ನು ಬಿಚ್ಚತೊಡಗಿದರು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಮಂಡಳಿ ಹಂತ ಹಂತವಾಗಿ ಅಧಿಕಾರ ಕಳೆದುಕೊಂಡು, 1985ರ ಜನವರಿ 1ಕ್ಕೆ ಪೂರ್ತಿ ಮುಚ್ಚಿಹೋಯಿತು. ಒಂದು ಸರ್ಕಾರಿ ಕಚೇರಿ ನಿಜವಾಗಿ ಬಾಗಿಲು ಹಾಕುವುದು ಎಷ್ಟು ಅಪರೂಪ, ಅಲ್ವಾ? ಕೆನಡಿ, ಕಾನ್, ಕಾರ್ಟರ್ ಮೂವರೂ ಡೆಮಾಕ್ರಾಟ್ ಪಕ್ಷದವರು ಅನ್ನುವುದನ್ನೂ ಗಮನಿಸಬೇಕು. ಮಾರುಕಟ್ಟೆಯ ಪರ ವಾದ ಯಾವುದೋ ಒಂದೇ ಪಕ್ಷದ ಸ್ವತ್ತು ಅಂದುಕೊಂಡವರಿಗೆ ಇದು ನೆನಪಿರಲಿ.

ಆದರೆ ನಾನು ಈ ಕಥೆ ಹೇಳಿದ್ದು ಇನ್ನೊಂದು ಕಾರಣಕ್ಕೆ. ದರದ ಮೇಲಿನ ಹಿಡಿತ ಹೋಯಿತು, ಮಾರ್ಗದ ಮೇಲಿನ ಹಿಡಿತ ಹೋಯಿತು. ಸುರಕ್ಷತೆಯ ನಿಯಮಗಳು ಮಾತ್ರ ಹಾಗೇ ಉಳಿದವು. ಎಂಜಿನ್ ತಪಾಸಣೆ, ಪೈಲಟ್ ತರಬೇತಿ, ಆಕಾಶದಲ್ಲಿ ವಿಮಾನಗಳ ನಡುವೆ ಇರಬೇಕಾದ ಅಂತರ, ಇವನ್ನು ನೋಡಿಕೊಳ್ಳುವ ಸಂಸ್ಥೆಯೇ ಬೇರೆ ಇತ್ತು, ಅದನ್ನು ಯಾರೂ ಮುಟ್ಟಲಿಲ್ಲ. ಅಂದರೆ ಆ ಜನ "ಸರ್ಕಾರ ದೊಡ್ಡದಾ ಚಿಕ್ಕದಾ" ಅಂತ ಜಗಳವಾಡುತ್ತಾ ಕೂರಲಿಲ್ಲ. ಸರ್ಕಾರ ಎಂಥ ಕೆಲಸ ಮಾಡುತ್ತಿದೆ ಅಂತ ನೋಡಿದರು. ಎಲ್ಲರಿಗೂ ಒಂದೇ ಥರ ಅನ್ವಯಿಸುವ, ಮೊದಲೇ ಗೊತ್ತಿರುವ ನಿಯಮ ಒಂದು ಬಗೆ. ನೀನು ಇಲ್ಲಿ ಹಾರು, ನೀನು ಹಾರಬೇಡ, ನೀನು ಇಷ್ಟೇ ತಗೋ ಅನ್ನುವ ಅಪ್ಪಣೆ ಇನ್ನೊಂದು ಬಗೆ. ಸರ್ಕಾರದ ಮಿತಿಯ ಗೆರೆಯನ್ನು ಈ ಎರಡರ ನಡುವೆ ಎಳೆಯಬೇಕು ಅನ್ನುವುದು ನನ್ನ ನಂಬಿಕೆ. ತೆರಿಗೆ ಶೇಕಡಾ ಎಷ್ಟು, ನೌಕರರು ಎಷ್ಟು ಲಕ್ಷ, ಅದೆಲ್ಲ ಆಮೇಲಿನ ಮಾತು. ಈ ವ್ಯತ್ಯಾಸವನ್ನು ಬಹಳ ಸ್ಪಷ್ಟವಾಗಿ ಹೇಳಿದವರಲ್ಲಿ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಒಬ್ಬರು, ಆದರೆ ಅವರನ್ನು ಓದದೆಯೂ ಈ ವಿಮಾನದ ಕಥೆಯಲ್ಲಿ ಅದು ಕಾಣಿಸುತ್ತದೆ.

ಅಪ್ಪಣೆ ಯಾಕೆ ಕೆಡುತ್ತದೆ? ಅಧಿಕಾರಿಗಳು ದಡ್ಡರು ಅಂತಲ್ಲ. ಕೆಟ್ಟವರು ಅಂತಲೂ ಅಲ್ಲ. ಅವರಿಗೆ ಬೇಕಾದ ಮಾಹಿತಿ ಯಾವ ಫೈಲಿನಲ್ಲೂ ಇರುವುದಿಲ್ಲ. 1920ರಲ್ಲಿ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ ಕೇಳಿದ ಪ್ರಶ್ನೆ ಇದೇ: ಕಾರ್ಖಾನೆ, ಯಂತ್ರ, ಲೋಹ ಎಲ್ಲವೂ ಸರ್ಕಾರದ್ದೇ ಆಗಿ, ಅವುಗಳ ಕೊಡುಕೊಳ್ಳುವಿಕೆಯೇ ಇಲ್ಲದಿದ್ದರೆ, ಒಂದು ರೈಲುಮಾರ್ಗ ಹಾಕುವುದು ಲಾಭವೋ ನಷ್ಟವೋ ಅಂತ ಯಾವ ಲೆಕ್ಕದಲ್ಲಿ ಹೇಳುತ್ತೀರಿ? ಇಪ್ಪತ್ತೈದು ವರ್ಷದ ನಂತರ, 1945ರಲ್ಲಿ, ಹಯೆಕ್ ಒಂದು ಪ್ರಬಂಧದಲ್ಲಿ ತವರದ ಉದಾಹರಣೆ ಕೊಟ್ಟರು. ಎಲ್ಲೋ ತವರಕ್ಕೆ ಹೊಸ ಬಳಕೆ ಸಿಕ್ಕಿತು, ಅಥವಾ ಎಲ್ಲೋ ಒಂದು ಗಣಿ ಮುಚ್ಚಿತು. ಯಾವುದು ಅಂತ ಬಳಸುವವರಿಗೆ ಗೊತ್ತಾಗಬೇಕಿಲ್ಲ. ಬೆಲೆ ಏರಿದೆ ಅನ್ನುವುದಷ್ಟೇ ಗೊತ್ತಾದರೆ ಸಾಕು, ಸಾವಿರಾರು ಜನ ತಮ್ಮ ತಮ್ಮ ಜಾಗದಲ್ಲೇ ಸ್ವಲ್ಪ ಕಡಿಮೆ ಬಳಸುತ್ತಾರೆ, ಬದಲಿ ಹುಡುಕುತ್ತಾರೆ. ಯಾರೂ ಸಭೆ ಕರೆಯಲಿಲ್ಲ, ಸುತ್ತೋಲೆ ಹೊರಡಿಸಲಿಲ್ಲ. ನನಗೆ ಇದು ಇಂದಿಗೂ ಬೆರಗು ಹುಟ್ಟಿಸುವ ವಿಷಯ. ಬೆಲೆ ಅಂದರೆ ಸುಮ್ನೆ ವ್ಯಾಪಾರಿ ಮನಸ್ಸಿಗೆ ಬಂದಂತೆ ಇಟ್ಟ ಅಂಕಿ ಅಂದುಕೊಂಡವರು ಅದನ್ನು ಕಟ್ಟಿಹಾಕಲು ಹೊರಡುತ್ತಾರೆ. ಕಟ್ಟಿಹಾಕಿದ ಮೇಲೆ ಸಾಮಾನು ಯಾಕೆ ಮಾಯವಾಯಿತು ಅಂತ ಹುಡುಕುತ್ತಾರೆ.

ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರಿಸ್ತಶಕ 301ರಲ್ಲಿ ಇದನ್ನೇ ಮಾಡಿದ. ಸಾವಿರಕ್ಕೂ ಜಾಸ್ತಿ ಸರಕು, ಸೇವೆಗಳಿಗೆ ಗರಿಷ್ಠ ದರ, ಮೀರಿದವರಿಗೆ ಮರಣದಂಡನೆ. ಆ ಕಾಲದ ಲೇಖಕ ಲ್ಯಾಕ್ಟಾಂಷಿಯಸ್ ಪ್ರಕಾರ ಸರಕು ಪೇಟೆಗೆ ಬರುವುದೇ ನಿಂತುಹೋಯಿತು. ಆತನಿಗೆ ಆ ಚಕ್ರವರ್ತಿಯನ್ನು ಕಂಡರೆ ಆಗುತ್ತಿರಲಿಲ್ಲ, ಹಾಗಾಗಿ ಆ ಮಾತನ್ನು ಸ್ವಲ್ಪ ಹಿಡಿದು ನಂಬಬೇಕು. ಅದಕ್ಕಿಂತ ನಮಗೆ ಹತ್ತಿರದ್ದು 1948ರ ಪಶ್ಚಿಮ ಜರ್ಮನಿ. ಯುದ್ಧ ಮುಗಿದು ಮೂರು ವರ್ಷ ಕಳೆದರೂ ಹಿಟ್ಲರ್ ಕಾಲದ ದರ ನಿಯಂತ್ರಣ ಹಾಗೇ ನಡೆದಿತ್ತು. ಅಂಗಡಿಯ ಕಪಾಟು ಖಾಲಿ, ಕಾಳಸಂತೆಯಲ್ಲಿ ಸಿಗರೇಟೇ ನಾಣ್ಯ. ಜೂನ್ 20ರಂದು ಹೊಸ ಹಣ ಬಂತು. ಅದರ ಬೆನ್ನಿಗೇ, ಅಲ್ಲಿನ ಆರ್ಥಿಕ ಆಡಳಿತದ ಹೊಣೆ ಹೊತ್ತಿದ್ದ ಲುಡ್ವಿಗ್ ಎರ್ಹಾರ್ಡ್ ಬಹಳಷ್ಟು ವಸ್ತುಗಳ ದರ ನಿಯಂತ್ರಣ ತೆಗೆದುಹಾಕಿದರು. ಕೆಲವೇ ದಿನದಲ್ಲಿ ಅಂಗಡಿಗಳಲ್ಲಿ ಸಾಮಾನು ಕಾಣಿಸಿಕೊಂಡಿತು. ಅಷ್ಟು ದಿನ ಅದು ಗೋದಾಮಿನಲ್ಲಿ ಅಡಗಿತ್ತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಾನು ನಿಲ್ಲಿಸುವುದಿಲ್ಲ. ಎರ್ಹಾರ್ಡ್ ಎಲ್ಲವನ್ನೂ ಬಿಟ್ಟಿರಲಿಲ್ಲ. ಮನೆ ಬಾಡಿಗೆ, ಕಲ್ಲಿದ್ದಲು, ಮುಖ್ಯ ಆಹಾರ ಧಾನ್ಯಗಳ ನಿಯಂತ್ರಣ ಮುಂದುವರಿದಿತ್ತು. ಬಿಟ್ಟ ವಸ್ತುಗಳ ಬೆಲೆ ಆ ವರ್ಷದ ಕೊನೆಯವರೆಗೆ ಏರುತ್ತಲೇ ಹೋಯಿತು. ಕೂಲಿ ಮಾತ್ರ ಅಷ್ಟು ಬೇಗ ಏರಲಿಲ್ಲ. ನವೆಂಬರ್ 12ಕ್ಕೆ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು. ಅವರು ಅರ್ಥಶಾಸ್ತ್ರ ಗೊತ್ತಿಲ್ಲದವರು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಬದಲಾವಣೆಯ ಭಾರ ಯಾರ ಹೆಗಲ ಮೇಲೆ ಮೊದಲು ಬೀಳುತ್ತದೆ ಅನ್ನುವುದು ನಿಜವಾದ ಪ್ರಶ್ನೆ, ಮಾರುಕಟ್ಟೆಯ ಪರ ಮಾತಾಡುವ ನಮ್ಮಂಥವರು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಮುಂದೆ ಅದಕ್ಕೇ ಬರುತ್ತೇನೆ.

ಅಪ್ಪಣೆ ಕೆಡುವುದಕ್ಕೆ ಎರಡನೆಯ ಕಾರಣ ಇನ್ನೂ ಮುಖ್ಯ. ಯಾರ ಕೈಯಲ್ಲಿ ಅಪ್ಪಣೆ ಇದೆಯೋ ಅವರ ಬಾಗಿಲಲ್ಲಿ ಅದರಿಂದ ಲಾಭ ಪಡೆಯುವವರು ಸಾಲು ನಿಲ್ಲುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲಿ ಹೇಳಿದ್ದು, ಒಂದು ಉದ್ಯಮದ ಮೇಲಿನ ನಿಯಂತ್ರಣವನ್ನು ಸಾಮಾನ್ಯವಾಗಿ ಆ ಉದ್ಯಮವೇ ಪಡೆದುಕೊಳ್ಳುತ್ತದೆ, ತನ್ನ ಲಾಭಕ್ಕೆ ತಕ್ಕಂತೆ ರೂಪಿಸಿಕೊಳ್ಳುತ್ತದೆ ಅಂತ. ಮ್ಯಾನ್ಸರ್ ಓಲ್ಸನ್ ಅದಕ್ಕೂ ಮೊದಲು, 1965ರಲ್ಲಿ, ಇದು ಯಾಕೆ ನಡೆಯುತ್ತದೆ ಅಂತ ವಿವರಿಸಿದ್ದರು. ಲಾಭ ಕೆಲವರಿಗೆ, ತಲೆಗೆ ಕೋಟಿಗಟ್ಟಲೆ. ನಷ್ಟ ಎಲ್ಲರಿಗೂ, ತಲೆಗೆ ಚಿಲ್ಲರೆ. ಕೆಲವರು ಒಟ್ಟಾಗುತ್ತಾರೆ, ವಕೀಲರನ್ನು ಇಡುತ್ತಾರೆ, ಮಂತ್ರಿಯನ್ನು ನೋಡುತ್ತಾರೆ. ಚಿಲ್ಲರೆಗಾಗಿ ಯಾರು ಬೀದಿಗಿಳಿಯುತ್ತಾರೆ?

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಹೂಗುಚ್ಛ ಜೋಡಿಸಿ ಮಾರುವುದಕ್ಕೆ ಪರವಾನಗಿ ಬೇಕಿತ್ತು. ಅದಕ್ಕೊಂದು ಪರೀಕ್ಷೆ, ಜೋಡಿಸಿ ತೋರಿಸಬೇಕು. ಬಹಳ ಕಾಲ ಅಂಕ ಹಾಕುತ್ತಿದ್ದವರು ಈಗಾಗಲೇ ಪರವಾನಗಿ ಇದ್ದ ಹೂವಿನ ವ್ಯಾಪಾರಿಗಳು. ಯಾರಿಗೆ ಪೈಪೋಟಿ ಬರಲಿದೆಯೋ ಅವರೇ ಪರೀಕ್ಷಕರು! ಅಂದವಿಲ್ಲದ ಹೂಗುಚ್ಛದಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. 1950ರ ದಶಕದಲ್ಲಿ ಅಮೆರಿಕದ ಕೆಲಸಗಾರರಲ್ಲಿ ಸುಮಾರು ಶೇಕಡಾ 5ರಷ್ಟು ಜನರಿಗೆ ಇಂಥ ಪರವಾನಗಿ ಬೇಕಾಗುತ್ತಿತ್ತು. ಈಗ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಇದರಿಂದ ಪೆಟ್ಟು ತಿನ್ನುವವರು ಶ್ರೀಮಂತರಲ್ಲ. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು, ಶುಲ್ಕ ಕಟ್ಟಲು, ತರಗತಿಗೆ ತಿಂಗಳುಗಟ್ಟಲೆ ಕೂರಲು ಆಗದವರು.

ಇಲ್ಲಿ ನನ್ನ ಸಿಟ್ಟು ಇನ್ನೊಂದು ಕಡೆಗೂ ಇದೆ. ಮಾರುಕಟ್ಟೆಯ ಪರ ಇರುವುದು ಅಂದರೆ ದೊಡ್ಡ ಕಂಪನಿಗಳ ಪರ ಇರುವುದು ಅಂತ ಬಹಳ ಜನ ತಿಳಿದಿದ್ದಾರೆ, ಹಾಗೆ ತಿಳಿಯುವಂತೆ ಮಾಡಿದವರು ನಮ್ಮ ಕಡೆಯವರೇ. ಆಡಂ ಸ್ಮಿತ್ 1776ರಲ್ಲಿ ಬರೆದಾಗ ಅವರ ಅನುಮಾನ ಅಧಿಕಾರಿಗಳ ಮೇಲಿದ್ದಷ್ಟೇ ವ್ಯಾಪಾರಿಗಳ ಮೇಲೂ ಇತ್ತು. ಒಂದೇ ಕಸುಬಿನವರು ಸೇರಿದರೆ ಮಾತು ಕೊನೆಗೆ ಬೆಲೆ ಏರಿಸುವ ಸಂಚಿಗೆ ಬಂದು ನಿಲ್ಲುತ್ತದೆ ಅನ್ನುವ ಅರ್ಥದ ಮಾತು ಅವರದ್ದೇ. ವ್ಯಾಪಾರಿಗಳ ಕಡೆಯಿಂದ ಬರುವ ಹೊಸ ಕಾನೂನಿನ ಸಲಹೆಯನ್ನು ಬಹಳ ಅನುಮಾನದಿಂದ ನೋಡಬೇಕು ಅಂತಲೂ ಎಚ್ಚರಿಸಿದ್ದರು. 2008ರಲ್ಲಿ ಆಗಿದ್ದನ್ನು ನೋಡಿ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಕ್ಟೋಬರ್ ಆರಂಭದಲ್ಲೇ ಅಮೆರಿಕದ ಕಾಂಗ್ರೆಸ್ ಹಣಕಾಸು ಸಂಸ್ಥೆಗಳನ್ನು ಉಳಿಸಲು 700 ಬಿಲಿಯನ್ ಡಾಲರ್‌ವರೆಗೆ ಮಂಜೂರು ಮಾಡಿತು. ಆ ಹಣದಲ್ಲಿ ಬ್ಯಾಂಕುಗಳಿಗೆ ಕೊಟ್ಟದ್ದು ಆಮೇಲೆ ವಾಪಸ್ ಬಂತು, ನಿಜ. ಎಲ್ಲವೂ ಕುಸಿದುಬೀಳುತ್ತಿದ್ದ ಆ ವಾರಗಳಲ್ಲಿ ಬೇರೆ ದಾರಿ ಇರಲಿಲ್ಲ ಅನ್ನುವವರ ಮಾತಿನಲ್ಲಿ ತೂಕವಿದೆ ಅಂತ ಒಪ್ಪುತ್ತೇನೆ. ಆದರೂ, ಗೆದ್ದರೆ ನನ್ನದು, ಸೋತರೆ ಎಲ್ಲರದ್ದು ಅನ್ನುವ ವ್ಯವಸ್ಥೆಗೆ ಮುಕ್ತ ಮಾರುಕಟ್ಟೆ ಅಂತ ಹೆಸರಿಡಲು ಸಾಧ್ಯವಿಲ್ಲ. ಸೋಲುವ ಸಾಧ್ಯತೆ ಇರುವವರೆಗೆ ಮಾತ್ರ ಲಾಭಕ್ಕೆ ನ್ಯಾಯ ಇದೆ. ಬಡವರಿಗೆ ಕೊಡುವ ನೆರವಿನ ಮೇಲೆ ಗಂಟೆಗಟ್ಟಲೆ ಮಾತಾಡಿ, ಕಂಪನಿಗಳಿಗೆ ಸಿಗುವ ತೆರಿಗೆ ರಿಯಾಯಿತಿ, ಆಮದು ಸುಂಕದ ರಕ್ಷಣೆ, ಸಾಲ ಮನ್ನಾದ ಬಗ್ಗೆ ಬಾಯಿ ಬಿಡದವರನ್ನು ನಾನು ಈ ವಾದದ ಗೆಳೆಯರು ಅಂತ ಎಣಿಸುವುದಿಲ್ಲ.

ಇನ್ನು ಸರ್ಕಾರ ಕೈಹಾಕಲೇಬೇಕಾದ ಜಾಗ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕಲ್ಲಿದ್ದಲಿನ ಹೊಗೆ ಮಂಜಿನ ಜೊತೆ ಸೇರಿ ಕವಿದುಕೊಂಡಿತು. ಸುಮಾರು 4,000 ಜನ ಸತ್ತರು ಅಂತ ಆಗ ಲೆಕ್ಕ ಹಾಕಿದ್ದರು, ಆಮೇಲಿನ ಅಂದಾಜುಗಳು 12,000ದವರೆಗೆ ಹೋಗುತ್ತವೆ. ಪ್ರತಿಯೊಂದು ಮನೆಯವರೂ ಚಳಿಗೆ ಒಲೆ ಉರಿಸಿದ್ದರು, ಅಷ್ಟೇ. ಕಲ್ಲಿದ್ದಲು ಮಾರಿದವನೂ ಕೊಂಡವನೂ ಒಪ್ಪಿಯೇ ವ್ಯವಹಾರ ಮಾಡಿದ್ದರು. ಹೊಗೆ ಕುಡಿದು ಸತ್ತವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಾರುಕಟ್ಟೆಯ ಇಡೀ ನೈತಿಕ ಬಲ ನಿಂತಿರುವುದು ಒಪ್ಪಿಗೆಯ ಮೇಲೆ. ಒಪ್ಪಿಗೆ ಕೊಡದ ಮೂರನೆಯವನ ಎದೆಗೆ ಹೊಗೆ ಹೋಗುತ್ತಿದ್ದರೆ, ಅದನ್ನು ತಡೆಯುವುದು ಸರ್ಕಾರದ ಅತಿಕ್ರಮ ಹೇಗಾಗುತ್ತದೆ? 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು. ನನ್ನ ಮಟ್ಟಿಗೆ ಅದು ಸರ್ಕಾರ ಮಾಡಲೇಬೇಕಿದ್ದ ಕೆಲಸ, ಅದೂ ನಾಲ್ಕು ವರ್ಷ ತಡವಾಗಿ.

ಇಂಥ ಜಾಗದಲ್ಲೂ ಹೇಗೆ ಕೈಹಾಕಬೇಕು ಅನ್ನುವುದು ಮುಖ್ಯ. ಆಮ್ಲ ಮಳೆ ತಡೆಯಲು ಅಮೆರಿಕ ತನ್ನ ಶುದ್ಧ ಗಾಳಿಯ ಕಾಯ್ದೆಗೆ 1990ರಲ್ಲಿ ತಂದ ತಿದ್ದುಪಡಿಯಲ್ಲಿ, ವಿದ್ಯುತ್ ಸ್ಥಾವರಗಳು ಒಟ್ಟು ಎಷ್ಟು ಗಂಧಕದ ಹೊಗೆ ಬಿಡಬಹುದು ಅಂತ ಸರ್ಕಾರ ಮಿತಿ ಇಟ್ಟಿತು. ಯಾವ ಸ್ಥಾವರ ಯಾವ ಯಂತ್ರ ಹಾಕಬೇಕು ಅಂತ ಹೇಳಲಿಲ್ಲ. ಕಡಿಮೆ ಖರ್ಚಿನಲ್ಲಿ ಹೊಗೆ ಇಳಿಸಬಲ್ಲವರು ಜಾಸ್ತಿ ಇಳಿಸಿ, ಉಳಿದ ಪಾಲನ್ನು ಬೇರೆಯವರಿಗೆ ಮಾರಬಹುದಿತ್ತು. 1995ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹೊಗೆ ಇಳಿಯಿತು, ಖರ್ಚು ಮೊದಲು ಹೆದರಿದ್ದಕ್ಕಿಂತ ಬಹಳ ಕಡಿಮೆ ಆಯಿತು. ಕೆಲವರು ಸುಮ್ನೆ ದೂರದ ಗಣಿಗಳಿಂದ ಗಂಧಕ ಕಡಿಮೆಯಿರುವ ಕಲ್ಲಿದ್ದಲು ತರಿಸಿಕೊಂಡರು. ಗುರಿ ಎಲ್ಲರಿಗೂ ಒಂದೇ, ದಾರಿ ಅವರವರದ್ದು.

ಸರ್ಕಾರ ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವ ಕೆಲಸಗಳ ಪಟ್ಟಿಯನ್ನೂ ಆಗಾಗ ತಿರುಗಿ ನೋಡಬೇಕು. ಸಮುದ್ರ ತೀರದ ದೀಪಸ್ತಂಭ ಇದಕ್ಕೆ ಹಳೆಯ ಉದಾಹರಣೆ. ಬೆಳಕು ಕಂಡ ಹಡಗಿನಿಂದ ದುಡ್ಡು ವಸೂಲಿ ಮಾಡುವುದು ಹೇಗೆ, ಹಾಗಾಗಿ ಖಾಸಗಿಯವರು ಕಟ್ಟುವುದೇ ಇಲ್ಲ ಅಂತ ದೊಡ್ಡ ದೊಡ್ಡವರೇ ಬರೆದಿದ್ದರು. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1974ರಲ್ಲಿ ಹಳೆಯ ದಾಖಲೆ ತೆಗೆದು ತೋರಿಸಿದರು: ಇಂಗ್ಲೆಂಡಿನಲ್ಲಿ ಎಷ್ಟೋ ದೀಪಸ್ತಂಭಗಳನ್ನು ಖಾಸಗಿಯವರೇ ಕಟ್ಟಿದ್ದರು, ಬಂದರಿನಲ್ಲಿ ಹಡಗುಗಳಿಂದ ಸುಂಕ ಪಡೆದು ನಡೆಸಿದ್ದರು. 1836ರ ಕಾಯ್ದೆಯ ನಂತರವೇ ಅವೆಲ್ಲ ಟ್ರಿನಿಟಿ ಹೌಸ್ ಎಂಬ ಸಂಸ್ಥೆಯ ಕೈಗೆ ಹೋಗಿದ್ದು. ಆದರೆ ಆ ಸುಂಕ ವಸೂಲಿ ಮಾಡುವ ಹಕ್ಕು ಕೊಟ್ಟದ್ದು ರಾಜ. ಹಾಗಾಗಿ ಈ ಉದಾಹರಣೆ ಎರಡೂ ಕಡೆ ಕೊಯ್ಯುತ್ತದೆ. ಮಾರುಕಟ್ಟೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಾಡಬಲ್ಲದು, ಆದರೆ ಹಕ್ಕು ಕಾಯುವವರು ಬೇಕು.

ಸ್ವಿಟ್ಜರ್ಲೆಂಡಿನ ಟರ್ಬೆಲ್ ಎಂಬ ಹಳ್ಳಿಯಲ್ಲಿ 1517ರ ಒಂದು ನಿಯಮ ಇದೆ. ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಊರಿನ ಗೋಮಾಳಕ್ಕೆ ಬಿಡಬೇಕು. ಇದನ್ನು ಮಾಡಿದ್ದು ಊರಿನವರು, ಮೀರಿದವರಿಗೆ ದಂಡ ಹಾಕಿದ್ದೂ ಊರಿನವರೇ. ಎಲಿನಾರ್ ಆಸ್ಟ್ರಮ್ ಇಂಥ ವ್ಯವಸ್ಥೆಗಳನ್ನು ದೇಶ ದೇಶಗಳಲ್ಲಿ ಹುಡುಕಿ ಅಧ್ಯಯನ ಮಾಡಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಸರ್ಕಾರವೋ ಮಾರುಕಟ್ಟೆಯೋ ಅಂತ ಎರಡೇ ಬಾಗಿಲು ಇರುವಂತೆ ವಾದ ಮಾಡುವವರು ಇಬ್ಬರೂ ಆಸ್ಟ್ರಮ್ ಅವರನ್ನು ಓದಬೇಕು. ನನಗಂತೂ ಅವರಿಂದ ಕಲಿತದ್ದು ಜಾಸ್ತಿ.

ಈಗ ಆ ಭಾರದ ಪ್ರಶ್ನೆ. ಬೆಲೆಯನ್ನು ಮುಟ್ಟಬೇಡಿ ಅಂದರೆ, ಆ ಬೆಲೆ ಕೊಡಲಾಗದವರು ಏನು ಮಾಡಬೇಕು? ಇದಕ್ಕೆ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು. ಒಂದು ಮಟ್ಟಕ್ಕಿಂತ ಕಡಿಮೆ ಆದಾಯ ಇರುವವರಿಂದ ತೆರಿಗೆ ತಗೊಳ್ಳುವ ಬದಲು ಅವರಿಗೇ ಹಣ ಕೊಡಿ. ಹಯೆಕ್ ಕೂಡ ಸಾಕಷ್ಟು ಸಂಪತ್ತಿರುವ ಸಮಾಜ ಎಲ್ಲರಿಗೂ ಕನಿಷ್ಠ ಊಟ, ಬಟ್ಟೆ, ಸೂರು ಖಾತ್ರಿ ಮಾಡಬಹುದು ಅಂತ ಒಪ್ಪಿದ್ದರು. ಹೀಗೆ ಹೇಳಿದರೆ ಎರಡೂ ಕಡೆಯವರು ಹುಬ್ಬೇರಿಸುತ್ತಾರೆ. ಆದರೆ ವಾದದ ತರ್ಕ ಸರಿಯಾಗಿಯೇ ಇದೆ. ಬಾಡಿಗೆಗೆ ಮಿತಿ ಹಾಕಿದರೆ ಈಗಾಗಲೇ ಒಳಗಿರುವವರಿಗೆ ಲಾಭ, ಹೊರಗಿರುವವರಿಗೆ ಸರದಿ. ಸ್ಟಾಕ್‌ಹೋಮ್‌ನಲ್ಲಿ ನಿಯಂತ್ರಿತ ಬಾಡಿಗೆಯ ಮನೆಗೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಹೊಸದಾಗಿ ಊರಿಗೆ ಬಂದ ಬಡವನ ಹೆಸರು ಆ ಪಟ್ಟಿಯ ಕೊನೆಯಲ್ಲಿ. ಅದರ ಬದಲು ನೆರವಿನ ಹಣ ಅವನ ಕೈಗೆ ಸಿಕ್ಕರೆ, ಎಲ್ಲಿ ಇರಬೇಕು ಅಂತ ಅವನೇ ತೀರ್ಮಾನಿಸುತ್ತಾನೆ, ಜೊತೆಗೆ ಹೊಸ ಮನೆ ಕಟ್ಟುವವರಿಗೆ ಕಟ್ಟುವ ಆಸೆಯೂ ಉಳಿಯುತ್ತದೆ.

ಹಣ ಕೊಟ್ಟರೆ ಎಲ್ಲವೂ ಬಗೆಹರಿಯುತ್ತದೆ ಅಂತ ಹೇಳುತ್ತಿಲ್ಲ. ನ್ಯೂಜಿಲೆಂಡ್ 1984ರಿಂದ ರೈತರ ಸಬ್ಸಿಡಿಗಳನ್ನು ಬಹಳ ವೇಗವಾಗಿ ತೆಗೆಯಿತು. ಅಷ್ಟು ವರ್ಷ ಕುರಿಗಳನ್ನು ಹೆಚ್ಚು ಮಾಡಲು ಸರ್ಕಾರವೇ ಹಣ ಕೊಟ್ಟಿತ್ತು, 1982ರ ಹೊತ್ತಿಗೆ ಆ ಪುಟ್ಟ ದೇಶದಲ್ಲಿ ಸುಮಾರು 7 ಕೋಟಿ ಕುರಿ ಇದ್ದವು. ಸಬ್ಸಿಡಿ ಹೋದ ಮೇಲೆ ಕುರಿ ಕಡಿಮೆಯಾದವು, ಹೈನುಗಾರಿಕೆ, ದ್ರಾಕ್ಷಿತೋಟ, ಜಿಂಕೆ ಸಾಕಣೆ ಬೆಳೆದವು. ಹೆದರಿದ್ದಷ್ಟು ರೈತರು ಜಮೀನು ಕಳೆದುಕೊಳ್ಳಲಿಲ್ಲ, ಅಲ್ಲಿನ ಕೃಷಿ ಇವತ್ತು ಸರ್ಕಾರದ ನೆರವು ಹೆಚ್ಚುಕಡಿಮೆ ಇಲ್ಲದೆಯೇ ನಡೆಯುತ್ತಿದೆ. ಆದರೆ ಮೊದಲ ಕೆಲವು ವರ್ಷ ಜಮೀನಿನ ಬೆಲೆ ಬಿದ್ದು, ಬಡ್ಡಿ ಏರಿ, ಸಾಲ ಮಾಡಿದ್ದ ಕುಟುಂಬಗಳು ಪಟ್ಟ ಪಾಡು ಸಣ್ಣದಲ್ಲ. ಅವರು ಸರ್ಕಾರದ ಮಾತು ನಂಬಿಯೇ ಸಾಲ ಮಾಡಿದ್ದರು. ಅಪ್ಪಣೆ ಕೊಟ್ಟ ಸರ್ಕಾರ ಅದನ್ನು ಹಿಂದೆಗೆದುಕೊಳ್ಳುವಾಗ, ತನ್ನನ್ನು ನಂಬಿದವರಿಗೆ ಸಮಯ ಕೊಡುವ ಹೊಣೆ ಅದರದ್ದೇ. ಈ ಮಾತನ್ನು ಮಾರುಕಟ್ಟೆಯ ಪರ ಬರೆಯುವವರು ಇನ್ನೂ ಗಟ್ಟಿಯಾಗಿ ಹೇಳಬೇಕು.

ನಿಯಮ ಅಂತ ಕರೆದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುವುದಿಲ್ಲ ಅನ್ನುವುದೂ ಗೊತ್ತಿದೆ. ಸಾವಿರ ಪುಟದ ನಿಯಮಾವಳಿಯನ್ನು ದೊಡ್ಡ ಕಂಪನಿ ವಕೀಲರನ್ನಿಟ್ಟು ನಿಭಾಯಿಸುತ್ತದೆ, ಮೂವರು ಸೇರಿ ಶುರು ಮಾಡಿದ ಸಂಸ್ಥೆ ಅಲ್ಲೇ ಮುಗ್ಗರಿಸುತ್ತದೆ. ಕಾಗದದ ಮೇಲೆ ಎಲ್ಲರಿಗೂ ಒಂದೇ, ನಿಜದಲ್ಲಿ ಅಪ್ಪಣೆಯಷ್ಟೇ ಬಿಗಿ. ಆದ್ದರಿಂದ ನಿಯಮಕ್ಕೂ ಆಯುಸ್ಸು ಗೊತ್ತು ಮಾಡಬೇಕು ಅನ್ನುವ ಸಲಹೆ ನನಗೆ ಹಿಡಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ತಾನಾಗಿ ಮುಗಿಯಲಿ, ಬೇಕು ಅನ್ನುವವರು ಎದ್ದು ನಿಂತು ಯಾಕೆ ಬೇಕು ಅಂತ ಹೇಳಲಿ.

ಇದೂ ತಾನಾಗಿ ಕೆಲಸ ಮಾಡುವುದಿಲ್ಲ. ಬ್ರಿಟನ್‌ನಲ್ಲಿ ಆದಾಯ ತೆರಿಗೆ 1799ರಲ್ಲಿ ನೆಪೋಲಿಯನ್ ಕಾಲದ ಯುದ್ಧದ ಖರ್ಚಿಗೆ ಅಂತ ಬಂತು. ಯುದ್ಧ ಮುಗಿದ ಮೇಲೆ, 1816ರಲ್ಲಿ, ಸಂಸತ್ತು ಅದನ್ನು ರದ್ದು ಮಾಡಿತು. 1842ರಲ್ಲಿ ರಾಬರ್ಟ್ ಪೀಲ್ ಕೆಲವೇ ವರ್ಷಗಳ ಮಟ್ಟಿಗೆ ಅಂತ ಅದನ್ನು ಮತ್ತೆ ತಂದರು. ಕಾನೂನಿನ ಪ್ರಕಾರ ಅದು ಈಗಲೂ ವರ್ಷದ ತೆರಿಗೆ, ಪ್ರತಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ, ಸಂಸತ್ತು ಪ್ರತಿ ವರ್ಷ ಹೊಸದಾಗಿ ಹೇರುತ್ತದೆ. ಅದು ಬೇಕೇ ಬೇಡವೇ ಅಂತ ಅಲ್ಲಿ ಯಾರೂ ಈಗ ಕೇಳುವುದಿಲ್ಲ, ಎಷ್ಟು ಅಂತ ಮಾತ್ರ ಕೇಳುತ್ತಾರೆ. ಆ ತೆರಿಗೆ ಇರಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಆಯುಸ್ಸು ಬರೆದಿಟ್ಟ ಕಾನೂನು ಕೂಡ ಕೇಳುವವರಿಲ್ಲದಿದ್ದರೆ 180 ವರ್ಷ ದಾಟುತ್ತದೆ. ಹಾಗಾದರೆ ಕೇಳುವವರು ಯಾರು? ಲಾಭ ಪಡೆಯುವವರು ಕೇಳುವುದಿಲ್ಲ, ಅಧಿಕಾರದಲ್ಲಿರುವವರಿಗೆ ಪುರುಸೊತ್ತಿಲ್ಲ. ತಲೆಗೆ ಚಿಲ್ಲರೆ ಕಳೆದುಕೊಳ್ಳುವವರು ಒಂದಾಗುವ ದಾರಿಯನ್ನು ಓಲ್ಸನ್ ಕೂಡ ಸುಲಭ ಮಾಡಿಕೊಡಲಿಲ್ಲ. ವಿಮಾನದ ವಿಷಯದಲ್ಲಿ ಒಬ್ಬ ಸೆನೆಟರ್ ಮತ್ತು ಪಕ್ಕದಲ್ಲೇ ಹೋಲಿಸಿ ನೋಡಲು ಸಿಕ್ಕ ಎರಡು ರಾಜ್ಯಗಳು ಆ ಕೆಲಸ ಮಾಡಿದವು. ಹೋಲಿಸಿ ನೋಡಲು ಒಂದಿಷ್ಟು ಜಾಗವಾದರೂ ಅಪ್ಪಣೆಯ ಹೊರಗೆ ಉಳಿಯಬೇಕು. ಒಂದು ದೇಶದ ಎಲ್ಲಾ ಕಡೆ ಒಂದೇ ದಿನ ಒಂದೇ ನಿಯಂತ್ರಣ ತರಲು ಹೊರಟವರನ್ನು ನಾನು ಮೊದಲು ಕೇಳುವುದು ಇದನ್ನೇ: ಇದು ತಪ್ಪಾದರೆ, ತಪ್ಪು ಅಂತ ನಮಗೆ ಎಲ್ಲಿ ನೋಡಿ ಗೊತ್ತಾಗುತ್ತದೆ?